ಬುಕ್ಕರಾಯನ ಬೆಳಗೊಳದ ಶಾಸನ ಮತ್ತು ಮಾನವ ಹಕ್ಕುಗಳ ವಿಚಾರ

ಮಾನವನ ಮೂಲಭೂತ ಹಕ್ಕುಗಳ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ವಿದ್ವಜ್ಜನರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಇದು ಪಾಶ್ಚಾತ್ಯರಿಂದ ಬಂದ ಕಲ್ಪನೆ, ನಮ್ಮ ಪೂರ್ವಿಕರಿಗೆ ಧರ್ಮವು ಗೊತ್ತಿತ್ತೇ ಹೊರತು ಹಕ್ಕೆಂಬುದು ಗೊತ್ತಿರಲಿಲ್ಲವೆಂದು ಕೆಲವರು ಹೇಳುತ್ತಾರೆ. ಇನ್ನು ಕೆಲವರು, ಇದರಲ್ಲಿ ಹೊಸದೇನೂ ಇಲ್ಲ, ಪರಧರ್ಮಸಹಿಷ್ಣುತೆಯು ಕನ್ನಡಿಗರಿಗೆ ಹುಟ್ಟುಗುಣವೆಂದು ಪ್ರಾಚೀನ ಸೂಕ್ತಿಗಳನ್ನು ಉದಾಹರಿಸಿ ತೃಪ್ತರಾಗುತ್ತಾರೆ. ಎರಡೂ ಅವಸರದ ತೀರ್ಮಾನಗಳು. ಸೂಕ್ತಿ ಎಷ್ಟೇ ಉದಾತ್ತವಾಗಿರಲಿ, ಅಷ್ಟರಿಂದಲೇ ಅದು ಹಕ್ಕಾಗಲಾರದು. ಅನ್ಯಾಯವಾದಾಗ ಹೋಗಿ ತಟ್ಟುವುದಕ್ಕೆ ಒಂದು ಬಾಗಿಲು, ಅಲ್ಲಿ ದೊರೆತ ನಿರ್ಣಯವನ್ನು ನಡೆಯಿಸುವುದಕ್ಕೆ ಒಂದು ವ್ಯವಸ್ಥೆ, ಅದನ್ನು ಮೀರಿದವನಿಗೆ ಒಂದು ದಂಡ, ಇಷ್ಟೂ ಕೂಡಿದಲ್ಲಿ ಮಾತ್ರ ಹಕ್ಕಿನ ಮಾತನ್ನು ಆಡಬಹುದು. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು, ಕನ್ನಡನಾಡಿನ ಒಂದು ಪ್ರಸಿದ್ಧ ಶಾಸನವನ್ನು ಮತ್ತೊಮ್ಮೆ ಓದಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

೧

ಶ್ರವಣಬೆಳಗೊಳದ ಊರೊಳಗೆ ಭಂಡಾರಿ ಬಸದಿಯೆಂಬ ದೊಡ್ಡ ಜಿನಾಲಯವಿದೆ. ಹೊಯ್ಸಳ ದೊರೆ ಒಂದನೆಯ ನರಸಿಂಹನ ಭಂಡಾರಿಯಾಗಿದ್ದ ಹುಳ್ಳರಾಜನು ಕ್ರಿ. ಶ. ೧೧೫೯ರಲ್ಲಿ ಕಟ್ಟಿಸಿದ್ದರಿಂದ ಅದಕ್ಕೆ ಆ ಹೆಸರು. ವಿಜಯನಗರದ ಬುಕ್ಕರಾಯನ ಕಾಲದ ಒಂದು ಶಿಲಾಶಾಸನವು ಇಲ್ಲಿದೆ. ಅದರ ಕಾಲ ಶಕವರ್ಷ ೧೨೯೦, ಕೀಲಕ ಸಂವತ್ಸರದ ಭಾದ್ರಪದ ಮಾಸ, ಎಂದರೆ ಕ್ರಿ. ಶ. ೧೩೬೮. ಬಿ. ಎಲ್. ರೈಸ್ ಅವರು ೧೮೮೯ರಲ್ಲಿ ಬೆಳಗೊಳದ ಶಾಸನಗಳ ಸಂಪುಟವನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಅದನ್ನು ಪರಿಷ್ಕರಿಸಿ ವಿಸ್ತರಿಸಿದರು. ಭಾಸ್ಕರ ಆನಂದ ಸಾಲೆತೊರೆಯವರು ಮಧ್ಯಯುಗದ ಜೈನಧರ್ಮವನ್ನು ಕುರಿತು ಬರೆದು ೧೯೩೮ರಲ್ಲಿ ಮುಂಬಯಿಯಿಂದ ಪ್ರಕಟವಾದ ಗ್ರಂಥದಲ್ಲಿ ಇದಕ್ಕೆ ದೊಡ್ಡ ಸ್ಥಾನವಿದೆ. ಹೀಗೆ ಬಹುಕಾಲದಿಂದ ವಿದ್ವಾಂಸರಿಗೆ ಪರಿಚಿತವಾದ ಶಾಸನವಿದು. ಆದರೂ ಇದನ್ನು ರಾಜನ ಔದಾರ್ಯಕ್ಕೆ ನಿದರ್ಶನವೆಂದು ಹೊಗಳಿ ಮುಂದೆ ಸಾಗುವುದೇ ವಾಡಿಕೆಯಾಗಿದೆ.

ಶಾಸನದ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೆನೆಯಬೇಕು. ಗಂಗ, ರಾಷ್ಟ್ರಕೂಟರ ಕಾಲದಲ್ಲಿ ರಾಜಾಶ್ರಯವನ್ನು ಪಡೆದು ಬೆಳೆದಿದ್ದ ಜೈನಧರ್ಮವು ಹನ್ನೆರಡನೆಯ ಶತಮಾನದಿಂದೀಚೆಗೆ ಕುಗ್ಗುತ್ತ ಬಂದಿತು. ಒಂದು ಕಡೆ ವೀರಶೈವರು, ಇನ್ನೊಂದು ಕಡೆ ಶ್ರೀವೈಷ್ಣವರು ಪ್ರಬಲರಾದರು. ಈ ಬದಲಾವಣೆ ಎಲ್ಲ ಕಡೆಗಳಲ್ಲಿಯೂ ಸೌಮ್ಯವಾಗಿ ನಡೆಯಲಿಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವು ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ತಲೆಯನ್ನು ಅರಿದುಕೊಂಡು ಮರಳಿ ಪಡೆಯುವ ಪವಾಡವನ್ನು ಪಣವಾಗಿ ಒಡ್ಡಿ ಅವನು ಗೆದ್ದನೆಂದೂ, ಜಿನಬಿಂಬವನ್ನು ಭಂಗಗೊಳಿಸಿದನೆಂದೂ, ಜೈನರು ಬಿಜ್ಜಳನಲ್ಲಿ ದೂರಿಕೊಂಡರೂ ಜಯಪತ್ರವು ರಾಮಯ್ಯನಿಗೇ ದೊರೆಯಿತೆಂದೂ ಅದರಿಂದ ತಿಳಿಯುತ್ತದೆ. ಇಲ್ಲಿ ನಮಗೆ ಮುಖ್ಯವಾದುದು ಆ ನಿರ್ಣಯದ ಆಧಾರ. ಪವಾಡವನ್ನು ತೋರಿದವನ ಪಕ್ಷವೇ ನ್ಯಾಯದ ಪಕ್ಷವಾಯಿತು. ಸೋತವರ ದೇವಾಲಯಕ್ಕೆ ಉಳಿಯುವ ಅಧಿಕಾರ ಉಂಟೇ ಎಂಬ ಪ್ರಶ್ನೆಯೇ ಅಲ್ಲಿ ಏಳಲಿಲ್ಲ.

೨

ಬುಕ್ಕರಾಯನ ಶಾಸನದಲ್ಲಿ ಆ ಪ್ರಶ್ನೆ ಎದ್ದಿದೆ. ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ವಿವಾದ ಉಂಟಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಪಟ್ಟಣಗಳನ್ನೊಳಗೊಂಡು ಎಲ್ಲ ನಾಡುಗಳ ಭವ್ಯಜನರು ಒಟ್ಟಾಗಿ, ಭಕ್ತರಿಂದ ತಮಗಾಗುತ್ತಿರುವ ಅನ್ಯಾಯಗಳನ್ನು ರಾಯನಿಗೆ ಬಿನ್ನವಿಸಿಕೊಂಡರು. ಈ ಊರುಗಳು ಒಂದಕ್ಕೊಂದು ಸಮೀಪದವಲ್ಲ. ತುಂಗಭದ್ರೆಯ ದಡದಿಂದ ಮಾಗಡಿಯ ಸೀಮೆಯವರೆಗೆ ಹರಡಿದ್ದ ಅಲ್ಪಸಂಖ್ಯಾತ ಸಮಾಜವೊಂದು ಒಂದೇ ದನಿಯಲ್ಲಿ ಮನವಿಯನ್ನು ಸಲ್ಲಿಸಿತೆಂಬುದು ಗಮನಾರ್ಹವಾದ ಸಂಗತಿ.

ರಾಯನು ಎದುರು ಪಕ್ಷವನ್ನೂ ಕರೆಯಿಸಿದನು. ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರು ಮುಖ್ಯರಾಗಿ ಹದಿನೆಂಟು ನಾಡುಗಳ ಶ್ರೀವೈಷ್ಣವರು ಅಲ್ಲಿ ನೆರೆದರು. ಆಚಾರ್ಯರ ಹೆಸರಿನೊಂದಿಗೇ ದೇವಾಲಯದ ಪರಿಚಾರಕ ವರ್ಗಗಳನ್ನೂ, ತಿರುಕುಲ, ಜಾಂಬವಕುಲದವರನ್ನೂ ಶಾಸನವು ಎಣಿಸಿದೆ. ಸಮಾಜವು ಅಸ್ಪೃಶ್ಯರೆಂದು ದೂರವಿರಿಸಿದ್ದ ಜನರಿವರು. ಒಪ್ಪಂದಕ್ಕೆ ಬದ್ಧರಾದವರ ಪಟ್ಟಿಯಲ್ಲಿ ಇವರ ಹೆಸರು ಸೇರಿರುವುದನ್ನು ಓದುಗರು ಲಕ್ಷಿಸಬೇಕು. ಬೀದಿಯಲ್ಲಿ ಏಳುವ ಜಗಳವನ್ನು ನಿಲ್ಲಿಸಬೇಕಾದರೆ ಆಚಾರ್ಯರ ಒಪ್ಪಿಗೆಯೊಂದೇ ಸಾಲದು, ಬೀದಿಯಲ್ಲಿರುವವರ ಒಪ್ಪಿಗೆಯೂ ಬೇಕೆಂಬ ವಿವೇಕ ಇದರಲ್ಲಿ ಕಾಣುತ್ತದೆ.

ಬಳಿಕ ರಾಯನು ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇರಿಸಿದನು. ಜೈನ ದರ್ಶನಕ್ಕೆ ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಲಶವೂ ಸಲ್ಲುವುವೆಂದು ಕಟ್ಟಳೆಯಾಯಿತು. ಭಕ್ತರ ದೆಸೆಯಿಂದ ಜೈನರಿಗೆ ಹಾನಿಯಾದರೆ ಅದನ್ನು ವೈಷ್ಣವರು ತಮಗೇ ಆದ ಹಾನಿಯೆಂದು ಎಣಿಸತಕ್ಕದ್ದೆಂದೂ, ರಾಜ್ಯದೊಳಗಿನ ಬಸದಿಗಳಲ್ಲೆಲ್ಲ ಈ ಶಾಸನವನ್ನು ಶ್ರೀವೈಷ್ಣವರೇ ನೆಡತಕ್ಕದ್ದೆಂದೂ ವಿಧಿಸಲಾಯಿತು.

ಈ ಕಟ್ಟಳೆಯಲ್ಲಿ ಎರಡು ಅಂಶಗಳು ವಿಶೇಷ ವಿಚಾರಕ್ಕೆ ಅರ್ಹವಾಗಿವೆ. ಮೊದಲನೆಯದು ಪೂರ್ವಮರ್ಯಾದೆ ಎಂಬ ಮಾತು. ರಾಯನು ಜೈನರಿಗೆ ಹೊಸದಾಗಿ ಏನನ್ನೂ ದಯಪಾಲಿಸಲಿಲ್ಲ. ಮೊದಲಿನಿಂದ ಅವರಿಗೆ ಸಲ್ಲುತ್ತಿದ್ದುದನ್ನು ಸಲ್ಲತಕ್ಕದ್ದೆಂದು ಗುರುತಿಸಿದನು. ಕೊಡುಗೆಗೂ ಗುರುತಿಸುವಿಕೆಗೂ ಇರುವ ಅಂತರ ದೊಡ್ಡದು. ಕೊಟ್ಟವನು ಹಿಂದಕ್ಕೆ ಪಡೆಯಬಹುದು. ಇದ್ದುದನ್ನು ಗುರುತಿಸಿದವನಿಗೆ ಆ ಸ್ವಾತಂತ್ರ್ಯವಿಲ್ಲ. ೧೯೪೮ರ ಡಿಸೆಂಬರ್ ೧೦ರಂದು ವಿಶ್ವಸಂಸ್ಥೆಯ ಮಹಾಸಭೆಯು ಪ್ಯಾರಿಸ್ಸಿನಲ್ಲಿ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯು ಸಹ ಹಕ್ಕುಗಳನ್ನು ಯಾವುದೇ ಸರ್ಕಾರದ ವರವೆಂದು ಹೇಳದೆ, ಮಾನವನಲ್ಲಿ ಸಹಜವಾಗಿರುವ ಘನತೆಯನ್ನು ಗುರುತಿಸುವುದರಿಂದಲೇ ಆರಂಭವಾಗುತ್ತದೆ. ಒಂದರ ಆಧಾರ ಪರಂಪರೆ, ಮತ್ತೊಂದರ ಆಧಾರ ಮಾನವತ್ವ; ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಅರಸನ ಇಚ್ಛೆಗಿಂತ ಹಿಂದಿನದೊಂದು ಸತ್ತ್ವವು ಹಕ್ಕಿಗೆ ಆಧಾರವೆಂಬ ಭಾವನೆ ಎರಡರಲ್ಲಿಯೂ ಸಮಾನವಾಗಿದೆ.

ಎರಡನೆಯದು ಪಂಚಮಹಾವಾದ್ಯಗಳ ವಿಚಾರ. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆಗಳೆಂಬ ಐದು ವಾದ್ಯಗಳು ಮನೆಯೊಳಗೆ ಬಾರಿಸತಕ್ಕವಲ್ಲ. ಅವು ಉತ್ಸವದಲ್ಲಿ, ಬೀದಿಯಲ್ಲಿ, ನಾಲ್ಕು ಜನರ ಕಿವಿಗೆ ಬೀಳುವಂತೆ ಮೊಳಗುವ ಗೌರವಚಿಹ್ನೆಗಳು. ಜೈನರು ಕೇಳಿದ್ದು ಮನೆಯ ಮೂಲೆಯಲ್ಲಿ ಜಪಿಸುವ ಅವಕಾಶವನ್ನಲ್ಲ. ಅದನ್ನು ಯಾರೂ ತಡೆಯಲಾರರು. ಎಲ್ಲರ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಮರ್ಯಾದೆಯನ್ನು ಅವರು ಕೇಳಿದರು. ಸಾರ್ವತ್ರಿಕ ಘೋಷಣೆಯ ಹದಿನೆಂಟನೆಯ ಅನುಚ್ಛೇದವು ಧರ್ಮವನ್ನು ಏಕಾಂತದಲ್ಲಿ ಮಾತ್ರವಲ್ಲದೆ ಬಹಿರಂಗವಾಗಿ, ಇತರರೊಡಗೂಡಿ ಆಚರಿಸುವ ಸ್ವಾತಂತ್ರ್ಯವನ್ನೂ ಹೇಳುತ್ತದೆ. ಬೆಳಗೊಳದ ಕಲ್ಲು ವಾದ್ಯದ ಭಾಷೆಯಲ್ಲಿ ಹೇಳಿದ್ದು ಇದನ್ನೇ.

೩

ಇನ್ನು ನಿರ್ವಹಣೆಯ ವಿಚಾರ. ಸಾಮಾನ್ಯವಾಗಿ ಇತಿಹಾಸಕಾರರು ಈ ಭಾಗವನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸುತ್ತಾರೆ. ಲೆಕ್ಕಪತ್ರಗಳ ನಡುವೆ ಕಾಲ ಕಳೆಯುವವನ ಕಣ್ಣಿಗೆ ಇದು ಶಾಸನದ ಅತ್ಯಂತ ಸ್ವಾರಸ್ಯವಾದ ಭಾಗವಾಗಿ ತೋರುತ್ತದೆ. ರಾಜ್ಯದೊಳಗಿನ ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ವಿಜಯನಗರದ ನಾಣ್ಯಪದ್ಧತಿಯಲ್ಲಿ ಸಾಮಾನ್ಯವಾಗಿ ಹತ್ತು ಹಣಕ್ಕೆ ಒಂದು ವರಾಹ. ಆದುದರಿಂದ ಇದು ಬಡ ಮನೆಗೂ ಎಟುಕಬಹುದಾದ ಮೊತ್ತ. ಹೀಗೆ ಕೂಡಿದ ಹೊನ್ನಿನಿಂದ ಮೊದಲು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕುದನ್ನು ಜೀರ್ಣವಾದ ಜಿನಾಲಯಗಳಿಗೆ ಸುಣ್ಣಗಾರೆ ಮಾಡಿಸುವುದಕ್ಕೆ ವಿನಿಯೋಗಿಸಬೇಕು. ಈ ಕಾರ್ಯದ ಹೊಣೆಯು ತಿರುಮಲೆಯ ತಾತಯ್ಯನವರದು, ಎಂದರೆ ಎದುರು ಪಕ್ಷದ ಗುರುವಿನದು. ಅದಕ್ಕೆ ರಾಜ್ಯದ ಜೈನರೆಲ್ಲರ ಅನುಮತಿ ಇದ್ದಿತೆಂದೂ ಶಾಸನವು ಸ್ಪಷ್ಟಪಡಿಸುತ್ತದೆ.

ವ್ಯವಸ್ಥೆಯ ಜಾಣ್ಮೆಯನ್ನು ಗಮನಿಸಬೇಕು. ನಿತ್ಯದ ಖರ್ಚಿಗೆ ಆದ್ಯತೆ, ಉಳಿದುದಕ್ಕೆ ಗೊತ್ತಾದ ಉದ್ದೇಶ, ವರ್ಷವರ್ಷವೂ ಬರುವ ಆದಾಯ. ಒಂದು ಸಲದ ದಾನವಾಗಿದ್ದರೆ ಅದು ದಾನಿಯೊಡನೆಯೇ ಮುಗಿಯುತ್ತಿತ್ತು. ಕಾವಲಿನ ಹೊಣೆಯನ್ನು ವೈಷ್ಣವ ಗುರುವಿಗೇ ವಹಿಸಿದ್ದರಿಂದ, ಉಪದ್ರವವನ್ನು ಕೊಡಬಲ್ಲ ಸಮುದಾಯದ ಗೌರವವೇ ರಕ್ಷಣೆಗೆ ಒತ್ತೆಯಾಯಿತು. ಕಟ್ಟಳೆಯನ್ನು ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ತಪಸ್ವಿಯಾದರೂ ಊರಗೌಡನಾದರೂ ಅವನಿಗೆ ವಿನಾಯಿತಿಯಿಲ್ಲ. ಅಧಿಕಾರವುಳ್ಳವರನ್ನೂ ಹೆಸರಿಸಿ ಕಟ್ಟಿಹಾಕಿದ ಈ ನಿಯಮವು ಆ ಕಾಲದ ಮಟ್ಟಿಗೆ ಸಾಮಾನ್ಯವಾದುದಲ್ಲ.

ಶಾಸನದ ಕೊನೆಯಲ್ಲಿ ಮತ್ತೊಂದು ಸಂಗತಿ ಉಕ್ತವಾಗಿದೆ. ಕಲ್ಲೇಹದ ಬುಸುವಿಸೆಟ್ಟಿಯು ಬುಕ್ಕರಾಯನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಬರಮಾಡಿಕೊಂಡು, ಜೀರ್ಣೋದ್ಧಾರವನ್ನು ನಡೆಯಿಸಿದನು. ಎರಡು ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು. ಕಲ್ಲೇಹವೆಂದರೆ ಮಾಗಡಿ ತಾಲ್ಲೂಕಿನ ಕಲ್ಯ. ಅಲ್ಲಿಯೂ ಈ ಶಾಸನದ ಪ್ರತಿ ದೊರೆತಿದೆ. ಒಪ್ಪಂದವು ಒಂದು ಕಲ್ಲಿನಲ್ಲಿ ಮಾತ್ರ ಉಳಿಯಲಿಲ್ಲವೆಂಬುದಕ್ಕೆ ಇದು ಸಾಕ್ಷಿ. ಅದೇ ಮನೆತನದ ಎರಡನೆಯ ಹರಿಹರನ ಕಾಲದಲ್ಲಿ ಜೈನ ದಂಡನಾಯಕ ಇರುಗಪ್ಪನು ಶಕ ೧೩೦೭ರಲ್ಲಿ ರಾಜಧಾನಿಯಲ್ಲಿಯೇ ಕುಂಥು ಜಿನನಾಥನ ಚೈತ್ಯಾಲಯವನ್ನು ಕಟ್ಟಿಸಿದನು. ಬುಕ್ಕರಾಯನ ಕಟ್ಟಳೆಗೆ ಆಗ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ.

೪

ಹಾಗೆಂದು ಈ ಶಾಸನವನ್ನು ಇಂದಿನ ಹಕ್ಕುಪತ್ರಕ್ಕೆ ಸಮವೆಂದು ಸಾರುವುದು ಇತಿಹಾಸಕ್ಕೆ ಅಪಚಾರವಾದೀತು. ಅದರ ಮೇರೆಗಳನ್ನು ನಿಷ್ಪಕ್ಷಪಾತವಾಗಿ ನೋಡಬೇಕು. ಶಾಸನವು ರಾಮಾನುಜರ ಸ್ತುತಿಯಿಂದ ಆರಂಭವಾಗುತ್ತದೆ. ಆ ಸ್ತುತಿಯು ಅವರನ್ನು ಪಾಷಂಡಮತಗಳೆಂಬ ಕಡಲಿಗೆ ಬಡಬಾಗ್ನಿಯೆಂದು ಬಣ್ಣಿಸುತ್ತದೆ. ರಕ್ಷಣೆಯನ್ನು ಪಡೆದವರು ರಕ್ಷಕರ ಮೇಲ್ಮೆಯನ್ನು ಮೊದಲ ಸಾಲಿನಲ್ಲಿಯೇ ಒಪ್ಪಬೇಕಾಯಿತು. ಕಾವಲಿನ ವೆಚ್ಚವನ್ನು ಭರಿಸಿದವರೂ ಅನ್ಯಾಯಕ್ಕೆ ಒಳಗಾದ ಜೈನರೇ. ಹಕ್ಕು ಸಮುದಾಯಕ್ಕೆ ಸೇರಿತೇ ವಿನಾ ವ್ಯಕ್ತಿಗೆ ಸೇರಲಿಲ್ಲ. ತನ್ನ ಸಮಯವನ್ನು ಬಿಟ್ಟು ಬೇರೊಂದನ್ನು ಆಶ್ರಯಿಸಬಯಸುವ ಒಬ್ಬನ ವಿಚಾರ ಇಲ್ಲಿ ಇಲ್ಲ. ಹೆಂಗಸರ ಮಾತಂತೂ ಇಲ್ಲವೇ ಇಲ್ಲ. ೧೯೪೮ರ ಘೋಷಣೆಯ ಮೊದಲ ಅನುಚ್ಛೇದದಲ್ಲಿ ಪುರುಷರೆಲ್ಲರೂ ಎಂಬರ್ಥದ ಪದವಿದ್ದೆಡೆ ಮಾನವರೆಲ್ಲರೂ ಎಂಬ ಪದವನ್ನು ತರಿಸಿದ ಕೀರ್ತಿ ಭಾರತದ ಪ್ರತಿನಿಧಿ ಹಂಸಾ ಮೆಹತಾ ಅವರದು. ಅಂಥ ತಿದ್ದುಪಡಿಯ ಅಗತ್ಯವು ಇಪ್ಪತ್ತನೆಯ ಶತಮಾನದಲ್ಲಿಯೂ ಇದ್ದಿತೆಂಬುದನ್ನು ನೆನೆದರೆ ಹದಿನಾಲ್ಕನೆಯ ಶತಮಾನದ ಮೌನ ಅಷ್ಟು ಆಶ್ಚರ್ಯಕರವೆನಿಸದು.

ಅರಸನ ಬಲ ಕುಂದಿದಾಗ ಇಂಥ ಒಪ್ಪಂದಗಳ ಗತಿ ಏನಾಗುತ್ತಿತ್ತೆಂಬುದಕ್ಕೆ ಹಳೇಬೀಡಿನ ೧೬೩೮ರ ಶಾಸನವು ಉದಾಹರಣೆ. ಅಲ್ಲಿನ ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆಯನ್ನು ಒತ್ತಿದನು. ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ವೀರಶೈವ ಮಹಾಮಹತ್ತಿನವರು ಕೂಡಿ ವಿವಾದವನ್ನು ತೀರ್ಮಾನಿಸಿದರು. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಆಮೇಲೆ ತಮ್ಮ ಪೂಜೆ ಉತ್ಸವಗಳನ್ನು ಪೂರ್ವದಂತೆ ನಡೆಯಿಸಬಹುದೆಂಬುದು ಆ ತೀರ್ಮಾನ. ಬಸದಿ ಉಳಿಯಿತು, ಪೂಜೆಯೂ ಉಳಿಯಿತು. ಆ ಶಾಂತಿಯನ್ನು ಮೀರಿದವನು ಶಿವದ್ರೋಹಿಯೆಂದು ಮಹತ್ತಿನವರೇ ಬರೆಯಿಸಿದ್ದು ಅವರಿಗೆ ಭೂಷಣ. ಆದರೆ ೧೩೬೮ರಲ್ಲಿ ನಿರುಪಾಧಿಕವಾಗಿ ಸಂದಿದ್ದ ಮರ್ಯಾದೆಗೆ ಇಲ್ಲಿ ಒಂದು ಉಪಾಧಿ ಸೇರಿತು. ವಿವಾದದ ಒಂದು ಪಕ್ಷವೇ ನ್ಯಾಯಪೀಠವೂ ಆದಾಗ ಹೀಗಾಗುವುದು ಸಹಜ.

೫

ಮೂರನೆಯವನೊಬ್ಬನು, ಎರಡು ಪಕ್ಷಗಳಿಗೂ ಸೇರದವನು, ಬಾಗಿಲನ್ನು ತೆರೆದಿಟ್ಟಿರಬೇಕು. ಈ ಮಾತಿನ ಸತ್ಯವನ್ನು ಅರಿಯುವುದಕ್ಕೆ ವಿಮಾನನಗರದ ನಾವು ದೂರ ಹೋಗಬೇಕಾದುದಿಲ್ಲ. ಅನತಿದೂರದಲ್ಲಿ, ನಗರ ರಸ್ತೆಯ ಮೇಲೆ ಆಗಾಖಾನ್ ಅರಮನೆಯಿದೆ. ೧೯೪೨ರ ಆಗಸ್ಟಿನಲ್ಲಿ ಗಾಂಧೀಜಿಯವರನ್ನು ಯಾವ ವಿಚಾರಣೆಯೂ ಇಲ್ಲದೆ ಅಲ್ಲಿ ಬಂಧನದಲ್ಲಿರಿಸಲಾಯಿತು. ಅದೇ ತಿಂಗಳಲ್ಲಿ ಮಹಾದೇವ ದೇಸಾಯಿಯವರೂ, ೧೯೪೪ರ ಫೆಬ್ರವರಿಯಲ್ಲಿ ಕಸ್ತೂರಬಾ ಅವರೂ ಆ ಬಂಧನದಲ್ಲಿಯೇ ತೀರಿಕೊಂಡರು. ದೇಶದಲ್ಲಿ ಆಗ ಕಾನೂನಿಗೆ ಕೊರತೆಯಿರಲಿಲ್ಲ, ನ್ಯಾಯಾಲಯಗಳಿಗೂ ಕೊರತೆಯಿರಲಿಲ್ಲ. ಬಂಧಿಸಿದ ಸರ್ಕಾರವನ್ನು ಪ್ರಶ್ನಿಸುವ ಬಾಗಿಲು ಬಂದಿಗೆ ಮುಚ್ಚಿತ್ತು.

ಈ ಅನುಭವವುಳ್ಳವರೇ ಸಂವಿಧಾನವನ್ನು ರಚಿಸಿದರು. ೧೯೪೮ರ ಡಿಸೆಂಬರ್ ೯ರಂದು, ಎಂದರೆ ಪ್ಯಾರಿಸ್ಸಿನ ಘೋಷಣೆಯ ಹಿಂದಿನ ದಿನ, ಹಕ್ಕಿಗೆ ಚ್ಯುತಿಯಾದಾಗ ಸರ್ವೋಚ್ಚ ನ್ಯಾಯಾಲಯಕ್ಕೆ ನೇರವಾಗಿ ಹೋಗುವ ಅಧಿಕಾರವನ್ನು ಕೊಡುವ ವಿಧಿಯನ್ನು ಕುರಿತು ಮಾತನಾಡುತ್ತ, ಸಂವಿಧಾನದ ಆತ್ಮವೂ ಹೃದಯವೂ ಅದೇ ಎಂಬ ಅಭಿಪ್ರಾಯವನ್ನು ಡಾ. ಅಂಬೇಡ್ಕರ್ ಅವರು ವ್ಯಕ್ತಪಡಿಸಿದರು. ಅದೇ ಇಂದಿನ ೩೨ನೆಯ ಅನುಚ್ಛೇದ. ತುರ್ತುಪರಿಸ್ಥಿತಿಯ ಕಾಲದಲ್ಲಿ, ೧೯೭೬ರ ಏಪ್ರಿಲ್ ೨೮ರ ತೀರ್ಪಿನಿಂದ, ವಿಚಾರಣೆಯಿಲ್ಲದೆ ಬಂಧಿತರಾದವರ ಪಾಲಿಗೆ ನ್ಯಾಯಾಲಯದ ಬಾಗಿಲೂ ಮುಚ್ಚಿತೆಂಬುದನ್ನು ಮರೆಯಲಾಗದು. ಬಾಗಿಲಿದ್ದರೆ ಸಾಲದು, ಅದನ್ನು ತೆರೆದಿಡುವ ಜನವೂ ಬೇಕು.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಶಾಸನವು ಬರಿಯ ಪುರಾತನ ವಸ್ತುವಲ್ಲ. ಈ ನಗರದಲ್ಲಿ ನಾವು ಭಾಷೆಯಿಂದ ಅಲ್ಪಸಂಖ್ಯಾತರು. ನಮ್ಮ ನುಡಿ, ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ ಹಕ್ಕನ್ನು ೨೯ನೆಯ ಅನುಚ್ಛೇದವೂ, ಶಾಲೆಗಳನ್ನು ನಡೆಯಿಸುವ ಹಕ್ಕನ್ನು ೩೦ನೆಯ ಅನುಚ್ಛೇದವೂ ಗುರುತಿಸಿವೆ. ಇದು ಮರಾಠಿ ನೆರೆಯವರ ಕೃಪೆಯೂ ಅಲ್ಲ, ಅವರ ಮೇಲಿನ ಹೊರೆಯೂ ಅಲ್ಲ. ಹಾಗೆಯೇ ಕನ್ನಡನಾಡಿನಲ್ಲಿರುವ ಮರಾಠಿ, ತೆಲುಗು, ಉರ್ದು ಭಾಷಿಕರಿಗೂ ಅದೇ ಹಕ್ಕು ಸಲ್ಲುತ್ತದೆ. ಇಲ್ಲಿ ಕೇಳುವುದನ್ನು ಅಲ್ಲಿ ಕೊಡಲು ಒಪ್ಪದವನ ಬೇಡಿಕೆಯು ಹಕ್ಕೆನಿಸದೆ ಬರಿಯ ಸ್ವಪಕ್ಷಪಾತವಾಗುತ್ತದೆ. ಜೈನರಿಗಾದ ಹಾನಿಯನ್ನು ವೈಷ್ಣವರು ತಮ್ಮ ಹಾನಿಯೆಂದು ಎಣಿಸಬೇಕೆಂಬ ಕಟ್ಟಳೆಯ ತಿರುಳೂ ಇದೇ.

ರಾಜ್ಯದ ಬಸದಿಗಳಲ್ಲೆಲ್ಲ ಕಲ್ಲುಗಳನ್ನು ನೆಡಬೇಕೆಂದು ಬುಕ್ಕರಾಯನು ವಿಧಿಸಿದ್ದನಷ್ಟೆ. ಬೆಳಗೊಳ, ಕಲ್ಯಗಳ ಪ್ರತಿಗಳ ಜೊತೆಗೆ ಬೇರೆ ಪ್ರತಿಗಳು ಎಲ್ಲಿಯಾದರೂ ನೆಲದಡಿಯಲ್ಲಿಯೋ, ಯಾವುದಾದರೂ ಕಟ್ಟಡದ ಗೋಡೆಯಲ್ಲಿಯೋ ಸೇರಿಹೋಗಿರಬಹುದು. ಆನೆಗೊಂದಿ, ಪೆನುಗೊಂಡೆಗಳ ಸುತ್ತಿನಲ್ಲಿ ಅವುಗಳ ಶೋಧ ನಡೆಯಬೇಕು. ಆ ಕಟ್ಟಳೆ ಎಷ್ಟು ದೂರ ಹರಡಿತು, ಎಷ್ಟು ಕಾಲ ನಡೆಯಿತು ಎಂಬುದನ್ನು ತಿಳಿಯಲು ಅಂಥ ಪ್ರತಿಗಳೇ ನಮಗೆ ಆಧಾರವಾಗಬಲ್ಲವು.