ನೆಲಕ್ಕೆ ಏನು ಬಳಿಯಬೇಕು?

ಹೊಸದಾಗಿ ಗ್ಯಾರೇಜ್ ಹಾಕುವವರ ಲೆಕ್ಕದಲ್ಲಿ ಶೆಡ್ಡು, ಕಂಪ್ರೆಸರ್, ಲಿಫ್ಟುಗಳೆಲ್ಲ ಮುಗಿದ ಮೇಲೆ ನೆಲದ ಮಾತು ಬರುತ್ತದೆ. ಬರೀ ಕಾಂಕ್ರೀಟ್ ಬಿಟ್ಟರೆ ಅದು ಎಂಜಿನ್ ಆಯಿಲ್ ಕುಡಿದು ಕಪ್ಪಾಗುತ್ತದೆ. ಗುಡಿಸಿದಷ್ಟೂ ದೂಳು ಏಳುತ್ತದೆ. ಹಾಗಾದರೆ ಅದರ ಮೇಲೆ ಏನು ಬಳಿಯಬೇಕು? ಶಿವಮೊಗ್ಗ–ಭದ್ರಾವತಿ ಸೀಮೆಗೆ ಈ ಪ್ರಶ್ನೆ ಹೊಸದಲ್ಲ.

ಮಲೆನಾಡಿನ ಹಳೆಯ ಉತ್ತರ ಸೆಗಣಿ. ದಿಮ್ಮಸು ಹಾಕಿ ಗಟ್ಟಿಮಾಡಿದ ಮಣ್ಣಿನ ಮೇಲೆ ಸೆಗಣಿ ಸಾರಿಸುತ್ತಿದ್ದರು. ಕಪ್ಪು ಹೊಳಪು ಬೇಕಾದವರು ಅದಕ್ಕೆ ಮಸಿಯನ್ನೋ ಹಳೆಯ ಬ್ಯಾಟರಿ ಸೆಲ್ಲಿನೊಳಗಿನ ಪುಡಿಯನ್ನೋ ಬೆರೆಸುತ್ತಿದ್ದರು. ಅದು ಬಾಳಿಕೆಯ ಲೇಪವಲ್ಲ, ಯಾರೂ ಹಾಗೆಂದು ತಿಳಿದಿರಲೂ ಇಲ್ಲ. ನೆಲದಡಿಯ ತೇವ ಅದರ ಮೂಲಕವೇ ಮೇಲೆ ಬಂದು ಆರಿಹೋಗುತ್ತಿತ್ತು. ಸವೆದಾಗ ಮತ್ತೆ ಸಾರಿಸುವ ಕೆಲಸ ಹೆಂಗಸರ ಪಾಲಿಗಿತ್ತು. ಆ ನೆಲದ ಖರ್ಚು ದುಡ್ಡಿನಲ್ಲಿ ಕಾಣುತ್ತಿರಲಿಲ್ಲ, ಅವರ ಸೊಂಟನೋವಿನಲ್ಲಿ ಕಾಣುತ್ತಿತ್ತು.

ಸಿಮೆಂಟ್ ಬಂದ ಮೇಲೆ ಕೆಂಪು ನೆಲದ ಕಾಲ. ಹಸಿ ಗಾರೆಯ ಮೇಲೆ ರೆಡ್ ಆಕ್ಸೈಡ್ ಬೆರೆಸಿದ ತೆಳು ಪದರ ಎಳೆದು, ಕರಣೆಯಲ್ಲಿ ಹೊಳಪು ಬರುವ ತನಕ ತಿಕ್ಕುತ್ತಿದ್ದರು. ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಿ, ಕೊನೆಗೆ ಮೇಣವನ್ನೋ ಎಣ್ಣೆಯನ್ನೋ ಉಜ್ಜುತ್ತಿದ್ದರು. ಒಂದು ಕೋಣೆಯ ನೆಲವನ್ನು ಒಂದೇ ಪಟ್ಟಿಗೆ ಮುಗಿಸಬೇಕಿತ್ತು. ನಾಳೆ ಹಾಕಿದ ತೇಪೆ ಎಂದೂ ನಿನ್ನೆಯ ಬಣ್ಣಕ್ಕೆ ಕೂಡುವುದಿಲ್ಲ.

ಆ ಕೆಂಪು ಕಬ್ಬಿಣದ ಆಕ್ಸೈಡ್. ಕೆಮ್ಮಣ್ಣುಗುಂಡಿಯ ಹೆಸರಿನಲ್ಲಿರುವ ಕೆಂಪೂ ಅದೇ. ಅಲ್ಲಿಯ ಅದಿರು ಭದ್ರಾವತಿಗೆ ಬಂದು, ಸುತ್ತಲ ಕಾಡಿನ ಮರದ ಇದ್ದಿಲಿನಲ್ಲಿ ಕರಗಿ, 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಮನೆಯ ನೆಲಕ್ಕೆ ಬಣ್ಣವಾಗುವ ವಸ್ತುವೇ ಇಲ್ಲಿ ಬೀಡು ಕಬ್ಬಿಣವಾಯಿತು.

ಎರಕದ ಕೆಲಸ ನಡೆಯುವ ಕಡೆ ಮಾತ್ರ ನುಣುಪಾದ ನೆಲ ಯಾರಿಗೂ ಬೇಡ. ಕರಗಿದ ಕಬ್ಬಿಣವನ್ನು ಮರಳ ಹಾಸಿನಲ್ಲಿ ತೋಡಿದ ಕಾಲುವೆಗಳಿಗೆ ಹರಿಸಿ ಗಟ್ಟಿಯಾಗಿಸುವುದು ಹಿಂದಿನ ಕ್ರಮ. ಅದೇ ಕಬ್ಬಿಣ ಕಾಂಕ್ರೀಟಿನ ಮೇಲೆ ಚೆಲ್ಲಿದರೆ ಒಳಗಿನ ತೇವ ಆವಿಯಾಗಿ ಮೇಲ್ಪದರ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವನ ಕಾಲು, ಕಣ್ಣಿಗೆ ಅಪಾಯ. ಒಣ ಮರಳು ಆ ಬಿಸಿಯನ್ನು ತಾಳಿಕೊಳ್ಳುತ್ತದೆ.

ಎಪಾಕ್ಸಿ ಇವೆಲ್ಲಕ್ಕಿಂತ ಈಚಿನದು. 1930ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ ಮುಂತಾದವರ ಪ್ರಯೋಗಗಳಿಂದ ಬೆಳೆದ ರಾಳ ಇದು. ನಮ್ಮ ಮೆಕ್ಯಾನಿಕ್‌ಗಳಿಗೆ ಗೊತ್ತಿರುವ ಅರಾಲ್ಡೈಟ್ ಅಂಟು ಇದರದೇ ಬಳಗ. ಆಯಿಲ್ ಒಳಗೆ ಇಳಿಯಲು ಬಿಡುವುದಿಲ್ಲ; ಒರೆಸಿದರೆ ಹೋಗುತ್ತದೆ. ಆದರೆ ಹೊರಗಿನದನ್ನು ಒಳಗೆ ಬಿಡದ ಪದರ ಒಳಗಿನದನ್ನೂ ಹೊರಗೆ ಬಿಡುವುದಿಲ್ಲ. ಮಳೆಗಾಲದಲ್ಲಿ ಕೆಳಗಿನಿಂದ ತೇವ ಒತ್ತಿದರೆ ಗುಳ್ಳೆ ಏಳುತ್ತದೆ, ಹೊಪ್ಪಳೆಯಾಗಿ ಕಿತ್ತು ಬರುತ್ತದೆ. ವೆಲ್ಡಿಂಗಿನ ಕಿಡಿ ಬಿದ್ದಲ್ಲಿ ಸುಡುತ್ತದೆ. ನೀರೋ ಆಯಿಲೋ ಚೆಲ್ಲಿದರೆ ಕಾಲು ಜಾರುತ್ತದೆ. ಹಸಿ ಇರುವಾಗಲೇ ಸಣ್ಣ ಮರಳು ಉದುರಿಸಿದರೆ ಹಿಡಿತ ಸಿಗುತ್ತದೆ.

ಇನ್ನೊಂದು ದಾರಿ ಸೋಡಿಯಂ ಸಿಲಿಕೇಟಿನಂಥ ದ್ರವ. ಅದು ಮೇಲೆ ಪದರವಾಗಿ ನಿಲ್ಲದೆ ಕಾಂಕ್ರೀಟಿನೊಳಗೆ ಇಳಿದು, ಅಲ್ಲಿ ಉಳಿದ ಸುಣ್ಣದೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ದೂಳು ಕಡಿಮೆಯಾಗುತ್ತದೆ, ತೇವಕ್ಕೆ ದಾರಿ ಉಳಿಯುತ್ತದೆ, ಕಿತ್ತು ಬರುವ ಭಯವಿಲ್ಲ. ಆಯಿಲ್ ಕಲೆಯನ್ನು ಮಾತ್ರ ಪೂರ್ತಿ ತಡೆಯಲಾರದು.

ಹಳೆಯ ಮನೆಯಲ್ಲಿ ಅಂಗಳಕ್ಕೆ ಸೆಗಣಿ, ಜಗಲಿಗೆ ಕೆಂಪು, ಬಚ್ಚಲಿಗೆ ಕಲ್ಲು ಎಂದು ಬೇರೆ ಬೇರೆ ನೆಲ ಇರುತ್ತಿದ್ದವು. ಗ್ಯಾರೇಜಿಗೂ ಈ ವಿವೇಕ ಸಾಕು. ಎಂಜಿನ್ ಬಿಚ್ಚುವ ಕಡೆ ಎಪಾಕ್ಸಿ ಇರಲಿ, ವೆಲ್ಡಿಂಗಿನ ಮೂಲೆ ಬರಿದಾಗಿರಲಿ, ಉಳಿದಲ್ಲಿ ಸಿಲಿಕೇಟ್ ಆದೀತು. ದುಡ್ಡು ಕೊಡುವ ಮುಂಚೆ ಆಷಾಢದ ಒಂದು ರಾತ್ರಿ ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿಡಿ. ಬೆಳಿಗ್ಗೆ ಕಿತ್ತಾಗ ಅಡಿಯಲ್ಲಿ ಹನಿ ಕಂಡರೆ ಎಪಾಕ್ಸಿಯವನಿಗೆ ಈಗಲೇ ಹೇಳಿ ಕಳಿಸಬೇಡಿ.