ಶೀರೂರು ಮಠದ ವ್ಯಾಜ್ಯ

ಶಾಸನಸಭೆಯು ರಚಿಸಿದ ಕಾಯಿದೆಯನ್ನು ನ್ಯಾಯಾಧೀಶರು ಅಸಿಂಧುವೆಂದು ಸಾರಬಹುದೇ ಎಂಬ ಚರ್ಚೆಯಲ್ಲಿ ಉಡುಪಿಯ ಅಷ್ಟಮಠಗಳಲ್ಲೊಂದಾದ ಶೀರೂರು ಮಠದ ಹೆಸರು ಇಂದಿಗೂ ಕೇಳಿಬರುತ್ತದೆ. ಶ್ರೀ ಲಕ್ಷ್ಮೀಂದ್ರತೀರ್ಥ ಶ್ರೀಪಾದರ 1931 ಹಾಗೂ 1946ರ ಪರ್ಯಾಯಗಳ ವೆಚ್ಚದಿಂದ ಮಠಕ್ಕೆ ಸಾಲವಾಗಿತ್ತು. ಮದರಾಸಿನ ಧರ್ಮಾದಾಯ ಮಂಡಳಿಯು ಆಡಳಿತದಲ್ಲಿ ಕೈಹಾಕಿತು. 1951ರಲ್ಲಿ ಹೊಸ ಕಾಯಿದೆಯೇ ಬಂದಿತು. ಅಂದು ದಕ್ಷಿಣ ಕನ್ನಡದಂತೆ ವಿಶಾಖಪಟ್ಟಣ, ಬೆಜವಾಡಗಳೂ ಮದರಾಸು ರಾಜ್ಯಕ್ಕೆ ಸೇರಿದ್ದುದರಿಂದ ಈ ಸೀಮೆಯ ಮಠ, ದೇವಾಲಯಗಳಿಗೂ ಅದೇ ಕಾಯಿದೆ.

1954ರಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠದ ತೀರ್ಪನ್ನು ಬಿ. ಕೆ. ಮುಖರ್ಜಿಯವರು ಬರೆದರು. ಅಧಿಕಾರಿಗಳು ಮಠದೊಳಗೆ ಮನಬಂದಂತೆ ಪ್ರವೇಶಿಸುವುದು, ಶ್ರೀಗಳ ಪಾದಕಾಣಿಕೆಯ ಮೇಲಣ ನಿರ್ಬಂಧ, ವಾರ್ಷಿಕ ವಂತಿಗೆ, ಈ ಕಲಮುಗಳು ರದ್ದಾದವು. ವಂತಿಗೆಯು ಶುಲ್ಕವಲ್ಲ, ತೆರಿಗೆ. ಅದನ್ನು ಹೇರುವ ಅಧಿಕಾರ ರಾಜ್ಯಕ್ಕಿಲ್ಲವೆಂದಾಯಿತು. ಆದರೆ ಇಡೀ ಕಾಯಿದೆ ಬೀಳಲಿಲ್ಲ. ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದೆಂದೂ ಅದೇ ತೀರ್ಪು ಹೇಳಿತು. ಇದನ್ನು ಪೂರ್ಣ ಜಯವೆಂದು ಕೊಂಡಾಡುವ ಭಕ್ತರು ಈ ಭಾಗವನ್ನು ಮರೆಯುವುದುಂಟು.

ಧರ್ಮದ ಅವಶ್ಯಕ ಅಂಗ ಯಾವುದೆಂಬುದನ್ನು ಆ ಧರ್ಮದ ಸಿದ್ಧಾಂತದಿಂದಲೇ ಅರಿಯಬೇಕೆಂಬ ಮಾತು ಮಠಗಳಿಗೆ ರಕ್ಷೆಯಾಯಿತು. ಆದರೆ ಹಾಗೆ ಅರಿತು ನಿರ್ಣಯಿಸುವವರು ಯಾರು? 1957ರಲ್ಲಿ ಮೂಲ್ಕಿಯ ವೆಂಕಟರಮಣ ದೇವಾಲಯದ ವ್ಯಾಜ್ಯದಲ್ಲಿ ಆಗಮಗಳನ್ನು ಪರಿಶೀಲಿಸಿದವರು ನ್ಯಾಯಮೂರ್ತಿಗಳೇ.