ಡಿಯೆಗೊ ಗಾರ್ಸಿಯಾ: ಯಾರ ನೆಲೆ?

ಅನುವಾದದ ಕೆಲಸದಲ್ಲಿ ‘ನೇವಲ್ ಬೇಸ್’ ಎಂದು ಬಂದರೆ ಹೆಚ್ಚು ಯೋಚಿಸದೆ ‘ನೌಕಾನೆಲೆ’ ಎಂದು ಬರೆದು ಮುಂದೆ ಹೋಗುತ್ತೇನೆ. ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಆದರೆ ಕನ್ನಡದಲ್ಲಿ ನೆಲೆ ಎಂದರೆ ಮನುಷ್ಯ ಬದುಕು ಕಟ್ಟಿಕೊಂಡ ಜಾಗವೂ ಹೌದು. ‘ಪುಣೆಯಲ್ಲಿ ನೆಲೆಸಿದ್ದಾರೆ’ ಎನ್ನುತ್ತೇವೆ, ‘ನೆಲೆ ಕಳೆದುಕೊಂಡವರು’ ಎನ್ನುತ್ತೇವೆ. ಹಿಂದೂ ಮಹಾಸಾಗರದ ನಡುವಿನ ಒಂದು ದ್ವೀಪದಲ್ಲಿ ಈ ಎರಡು ಅರ್ಥಗಳೂ ಎದುರಾದವು. ಒಂದು ನೆಲೆಯನ್ನು ಕಟ್ಟುವುದಕ್ಕಾಗಿ ಇನ್ನೊಂದನ್ನು ಕಿತ್ತುಹಾಕಲಾಯಿತು.

ಆ ದ್ವೀಪ ಡಿಯೆಗೊ ಗಾರ್ಸಿಯಾ. ಕನ್ಯಾಕುಮಾರಿಯಿಂದ ದಕ್ಷಿಣಕ್ಕೆ ಸುಮಾರು 1,800 ಕಿಲೋಮೀಟರ್ ದೂರದಲ್ಲಿರುವ ಚಾಗೋಸ್ ದ್ವೀಪಸಮೂಹದಲ್ಲಿ ಇದೇ ದೊಡ್ಡದು. 18ನೇ ಶತಮಾನದ ಕೊನೆಯಲ್ಲಿ ಫ್ರೆಂಚರು ತೆಂಗಿನ ತೋಟಗಳಿಗಾಗಿ ಆಫ್ರಿಕಾ ಮೂಲದ ಗುಲಾಮರನ್ನು ಇಲ್ಲಿಗೆ ತಂದರು. 1814ರಲ್ಲಿ ಮಾರಿಷಸ್ ಜೊತೆಗೆ ಈ ದ್ವೀಪಗಳೂ ಬ್ರಿಟಿಷರ ಕೈಸೇರಿದವು. ಗುಲಾಮಗಿರಿ ರದ್ದಾದ ಮೇಲೆ ಭಾರತದಿಂದ ಕರಾರಿನ ಕೂಲಿಗಳೂ ಬಂದರು. ತಲೆಮಾರುಗಳು ಕಳೆದಂತೆ ಇವರೆಲ್ಲ ಬೆರೆತು, ಫ್ರೆಂಚ್ ಮೂಲದ ತಮ್ಮದೇ ಕ್ರಿಯೋಲ್ ಮಾತಾಡುವ ಒಂದು ಜನವಾದರು. ಕೊಬ್ಬರಿ ತೆಗೆಯುವುದು, ಮೀನು ಹಿಡಿಯುವುದು, ಚರ್ಚು, ಸ್ಮಶಾನ, ಸಾಕಿದ ನಾಯಿ, ಎಲ್ಲವೂ ಅಲ್ಲಿಯೇ. ಅವರನ್ನು ‘ಇಲ್ವಾ’ ಎಂದು ಕರೆಯುತ್ತಿದ್ದರು. ದ್ವೀಪದವರು ಎಂದರ್ಥ.

1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ ಯೋಜನಾ ವಿಭಾಗದಲ್ಲಿದ್ದ ಸ್ಟುವರ್ಟ್ ಬಾರ್ಬರ್ ಎಂಬ ಅಧಿಕಾರಿಗೆ ಒಂದು ಚಿಂತೆ ಹತ್ತಿತು. ಏಷ್ಯಾ, ಆಫ್ರಿಕಾಗಳ ವಸಾಹತುಗಳು ಒಂದೊಂದಾಗಿ ಸ್ವತಂತ್ರವಾಗುತ್ತಿವೆ. ಹೊಸ ಸರ್ಕಾರಗಳು ವಿದೇಶಿ ಸೇನೆಯನ್ನು ಹೊರಗೆ ಕಳಿಸಿದರೆ ಗತಿಯೇನು? ಅವರು ಕಂಡುಕೊಂಡ ಉಪಾಯ ಸರಳ. ಜನ ತೀರಾ ಕಡಿಮೆ ಇರುವ, ಭೂಖಂಡಗಳಿಂದ ದೂರದ ಪುಟ್ಟ ದ್ವೀಪಗಳನ್ನು ಸ್ವಾತಂತ್ರ್ಯದ ಗಾಳಿ ಮುಟ್ಟುವ ಮೊದಲೇ ಕಾಯ್ದಿರಿಸಿಕೊಳ್ಳಬೇಕು. ಸೋವಿಯತ್ ಒಕ್ಕೂಟದೊಡನೆ ಪೈಪೋಟಿಯ ಕಾಲ ಅದು. ಬ್ರಿಟನ್ನಿನ ಬೊಕ್ಕಸವೂ ಬರಿದಾಗುತ್ತಿತ್ತು. ಹಾಗಾಗಿ ನೆಲ ಬ್ರಿಟನ್ನಿನದು, ಖರ್ಚು ಅಮೆರಿಕದ್ದು ಎಂಬ ಹೊಂದಾಣಿಕೆ ಇಬ್ಬರಿಗೂ ಹಿಡಿಸಿತು.

ಚಾಗೋಸ್ ಮಾರಿಷಸ್ಸಿನ ಆಡಳಿತದಲ್ಲಿತ್ತು. 1965ರ ಸೆಪ್ಟೆಂಬರಿನಲ್ಲಿ ಸ್ವಾತಂತ್ರ್ಯದ ಮಾತುಕತೆಗೆ ಲಂಡನ್ನಿಗೆ ಬಂದಿದ್ದ ಮಾರಿಷಸ್ ನಾಯಕ ಶಿವಸಾಗರ ರಾಮಗುಲಾಂ ಅವರನ್ನು ಪ್ರಧಾನಿ ಹೆರಾಲ್ಡ್ ವಿಲ್ಸನ್ ಖಾಸಗಿಯಾಗಿ ಭೇಟಿಯಾದರು. ಅವರಿಗೆ ಆಸೆಯನ್ನೂ ತೋರಿಸಬೇಕು, ಭಯವನ್ನೂ ಹುಟ್ಟಿಸಬೇಕು ಎಂಬ ಅರ್ಥದ ಟಿಪ್ಪಣಿಯೊಂದು ಭೇಟಿಗೆ ಮೊದಲೇ ವಿಲ್ಸನ್ ಕೈಸೇರಿತ್ತು. ದ್ವೀಪ ಬಿಟ್ಟರೆ ಸ್ವಾತಂತ್ರ್ಯ, ಇಲ್ಲವಾದರೆ ಅದು ಅನುಮಾನ. ಆ ನವೆಂಬರ್ 8ರಂದು ಚಾಗೋಸನ್ನು ಬೇರ್ಪಡಿಸಿ ‘ಬ್ರಿಟಿಷ್ ಇಂಡಿಯನ್ ಓಷನ್ ಟೆರಿಟರಿ’ ಎಂಬ ಹೊಸ ವಸಾಹತು ಮಾಡಲಾಯಿತು. ಮಾರಿಷಸ್ಸಿಗೆ ಸಿಕ್ಕಿದ್ದು 30 ಲಕ್ಷ ಪೌಂಡು. ಸ್ವಾತಂತ್ರ್ಯ ಬಂದದ್ದು 1968ರ ಮಾರ್ಚ್ 12ರಂದು.

ಇನ್ನು ಉಳಿದದ್ದು ಜನರ ಪ್ರಶ್ನೆ. ವಿಶ್ವಸಂಸ್ಥೆಯ ಸನ್ನದಿನ 73ನೇ ವಿಧಿಯ ಪ್ರಕಾರ, ಇನ್ನೂ ಸ್ವಯಮಾಡಳಿತ ಪಡೆಯದ ಪ್ರದೇಶದ ನಿವಾಸಿಗಳ ಹಿತವೇ ಎಲ್ಲಕ್ಕಿಂತ ಮೇಲು. ಆಳುವ ದೇಶ ಅವರ ಬಗ್ಗೆ ವರದಿ ಕೊಡಬೇಕು. ಅಲ್ಲಿ ಕಾಯಂ ನಿವಾಸಿಗಳೇ ಇಲ್ಲ ಎಂದಾದರೆ ಈ ಹೊಣೆಯೂ ಇಲ್ಲ. ಆದ್ದರಿಂದ ಲಂಡನ್ನಿನ ಕಡತಗಳಲ್ಲಿ ಪದಗಳು ಬದಲಾದವು. ದ್ವೀಪದವರು ‘ಗುತ್ತಿಗೆ ಕಾರ್ಮಿಕ’ರಾದರು, ಬಂದುಹೋಗುವವರಾದರು. ಕಾನೂನು ಸಲಹೆಗಾರರೊಬ್ಬರು 1970ರಲ್ಲಿ ಬರೆದ ಟಿಪ್ಪಣಿಯ ಒಂದು ಭಾಗಕ್ಕೆ ‘ಕಟ್ಟುಕತೆಯನ್ನು ಉಳಿಸಿಕೊಳ್ಳುವುದು’ ಎಂಬರ್ಥದ ತಲೆಬರಹವೇ ಇತ್ತು. ಭಾಷೆಯ ಕೆಲಸ ಮಾಡುವ ನನಗೆ ಈ ಕಥೆಯಲ್ಲಿ ಬಹಳ ಕಾಡುವುದು ಇದು. ಹಡಗು ಬರುವುದಕ್ಕೆ ಮೊದಲೇ ಪದಗಳು ದ್ವೀಪವನ್ನು ಖಾಲಿ ಮಾಡಿದ್ದವು.

1966ರ ಡಿಸೆಂಬರ್ 30ರಂದು ಬ್ರಿಟನ್ ಮತ್ತು ಅಮೆರಿಕ ಪತ್ರ ವಿನಿಮಯದ ಮೂಲಕ ಒಪ್ಪಂದ ಮಾಡಿಕೊಂಡವು. ಬಾಡಿಗೆ ಎಂದು ಎಲ್ಲಿಯೂ ಇರಲಿಲ್ಲ. ಆದರೆ ಬ್ರಿಟನ್ ಕೊಳ್ಳುತ್ತಿದ್ದ ಪೊಲಾರಿಸ್ ಕ್ಷಿಪಣಿಗಳ ಲೆಕ್ಕದಲ್ಲಿ 1.4 ಕೋಟಿ ಡಾಲರ್‌ವರೆಗೆ ಗುಟ್ಟಾಗಿ ರಿಯಾಯಿತಿ ಸಿಕ್ಕಿತು. ಮರುವರ್ಷ ತೋಟದ ಕಂಪನಿಯಿಂದ ಬ್ರಿಟನ್ ದ್ವೀಪಗಳನ್ನು ಕೊಂಡುಕೊಂಡಿತು. ಔಷಧಕ್ಕೋ ನೆಂಟರ ಮನೆಗೋ ಮಾರಿಷಸ್ಸಿಗೆ ಹೋದವರಿಗೆ ಮರಳಿ ಹಡಗು ಹತ್ತಲು ಬಿಡಲಿಲ್ಲ. ದ್ವೀಪಕ್ಕೆ ಬರುವ ದಿನಸಿ ಕಡಿಮೆಯಾಯಿತು. 1971ರಲ್ಲಿ ಅಪ್ಪಣೆ ಇಲ್ಲದೆ ಅಲ್ಲಿರುವುದೇ ಅಪರಾಧವಾಯಿತು, ಸಾಕುನಾಯಿಗಳನ್ನು ಕೊಂದುಹಾಕಿದರು. 1973ರ ಹೊತ್ತಿಗೆ ಕೊನೆಯವರನ್ನೂ ಹಡಗಿಗೆ ತುಂಬಿ ಮಾರಿಷಸ್ ಮತ್ತು ಸೆಶೆಲ್ಸ್‌ಗಳಲ್ಲಿ ಇಳಿಸಿಯಾಗಿತ್ತು. ಒಟ್ಟು ಒಂದೂವರೆಯಿಂದ ಎರಡು ಸಾವಿರ ಜನ.

ಇದೇ ಹೊತ್ತಿನಲ್ಲಿ ನಮ್ಮ ಸುತ್ತಲಿನ ಸಮುದ್ರದ ರಾಜಕೀಯವೂ ಬಿಸಿಯಾಗಿತ್ತು. ಸೂಯೆಜ್‌ನ ಪೂರ್ವದಿಂದ ಹಿಂದೆ ಸರಿಯುವುದಾಗಿ ಬ್ರಿಟನ್ 1968ರ ಜನವರಿಯಲ್ಲಿ ಹೇಳಿತು. ಕೆಲವೇ ವಾರಗಳಲ್ಲಿ ಸೋವಿಯತ್ ಯುದ್ಧನೌಕೆಗಳು ಹಿಂದೂ ಮಹಾಸಾಗರದಲ್ಲಿ ಕಾಣಿಸಿಕೊಂಡವು. 1971ರ ಆಗಸ್ಟಿನಲ್ಲಿ ಭಾರತ ಸೋವಿಯತ್ ಒಕ್ಕೂಟದೊಡನೆ ಸ್ನೇಹ ಒಪ್ಪಂದಕ್ಕೆ ಸಹಿ ಹಾಕಿತು. ಡಿಸೆಂಬರಿನ ಯುದ್ಧದಲ್ಲಿ ‘ಎಂಟರ್‌ಪ್ರೈಸ್’ ವಿಮಾನವಾಹಕ ನೌಕೆಯ ನೇತೃತ್ವದಲ್ಲಿ ಅಮೆರಿಕದ ಪಡೆ ಪೆಸಿಫಿಕ್ ಕಡೆಯಿಂದ ಬಂಗಾಳ ಕೊಲ್ಲಿಗೆ ಬಂತು. ಅದರ ಹಿಂದೆಯೇ ಸೋವಿಯತ್ ನೌಕೆಗಳೂ ಬಂದವು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ಅದೇ ದಿನ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ಶ್ರೀಲಂಕಾ ಮುಂದಿಟ್ಟ ನಿರ್ಣಯವೊಂದನ್ನು ಒಪ್ಪಿ ಹಿಂದೂ ಮಹಾಸಾಗರವನ್ನು ‘ಶಾಂತಿವಲಯ’ ಎಂದು ಘೋಷಿಸಿತು. ಪರವಾಗಿ 61 ಮತ, ವಿರೋಧ ಸೊನ್ನೆ, ತಟಸ್ಥ 55. ಅಮೆರಿಕ, ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ ಎಲ್ಲವೂ ತಟಸ್ಥರ ಸಾಲಿನಲ್ಲಿದ್ದವು. ಶಾಂತಿಯನ್ನು ವಿರೋಧಿಸಿದವರು ಯಾರೂ ಇಲ್ಲ, ಹಡಗು ಉಳ್ಳವರು ಕೈಯನ್ನೂ ಎತ್ತಲಿಲ್ಲ.

ಮುಂದೆ ಡಿಯೆಗೊ ಗಾರ್ಸಿಯಾದಲ್ಲಿ ರನ್‌ವೇ ಉದ್ದವಾಯಿತು, ಬಂದರು ಆಳವಾಯಿತು. ಸೋವಿಯತ್ತರು ಸೋಮಾಲಿಯಾದ ಬರ್ಬೆರಾದಲ್ಲಿ ತಮ್ಮ ವ್ಯವಸ್ಥೆ ಮಾಡಿಕೊಂಡರು. ಭಾರತ ಡಿಯೆಗೊ ಗಾರ್ಸಿಯಾವನ್ನು ಗಟ್ಟಿ ದನಿಯಲ್ಲಿ ವಿರೋಧಿಸಿತು. ಮಿತ್ರರ ಹಡಗುಗಳ ಬಗ್ಗೆ ಅದೇ ದನಿ ಇರಲಿಲ್ಲ. ಆ ಎಲ್ಲ ವಾದಗಳು ಹಡಗು, ಇಂಧನ, ಕ್ಷಿಪಣಿಗಳ ಸುತ್ತಲೇ ಇದ್ದವು. ಪೋರ್ಟ್ ಲೂಯಿಯ ಕೊಳೆಗೇರಿಗಳಲ್ಲಿ ಕೂತಿದ್ದ ದ್ವೀಪದವರ ಹೆಸರು ಅವುಗಳಲ್ಲಿ ಬಂದದ್ದು ಅಪರೂಪ.

ಅವರು ಸುಮ್ಮನಿರಲಿಲ್ಲ. ಮುಂಚೂಣಿಯಲ್ಲಿ ನಿಂತು ಬೀದಿಗಿಳಿದು ಹೋರಾಡಿದವರಲ್ಲಿ ಹೆಂಗಸರೇ ಹೆಚ್ಚು. 2000ದಲ್ಲಿ ಲಂಡನ್ನಿನ ಹೈಕೋರ್ಟಿನಲ್ಲಿ ಒಲಿವಿಯೆ ಬಾಂಕೂಲ್ ಗೆದ್ದರು. 2008ರಲ್ಲಿ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಮೂರಕ್ಕೆ ಎರಡು ಮತದಿಂದ ಸೋತರು. ಬೇರ್ಪಡಿಸಿದ್ದೇ ಕಾನೂನುಬಾಹಿರ ಎಂದು 2019ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಅಭಿಪ್ರಾಯಪಟ್ಟಿತು. ಆ ಮೇ ತಿಂಗಳಲ್ಲಿ ಮಹಾಸಭೆ 116–6 ಮತಗಳಿಂದ ಅದನ್ನು ಎತ್ತಿಹಿಡಿಯಿತು. ಭಾರತ ಮಾರಿಷಸ್ ಪರ ಮತ ಹಾಕಿತು. 2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಸಹಿ ಹಾಕಿದ ಒಪ್ಪಂದದ ಪ್ರಕಾರ ಸಾರ್ವಭೌಮತ್ವ ಮಾರಿಷಸ್ಸಿಗೆ, ಡಿಯೆಗೊ ಗಾರ್ಸಿಯಾದ ಸೇನಾನೆಲೆ 99 ವರ್ಷ ಬ್ರಿಟನ್ನಿಗೆ, ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್ ಹಣ. ಬೇರೆ ದ್ವೀಪಗಳಲ್ಲಿ ಜನರನ್ನು ನೆಲೆಗೊಳಿಸಲು ಅವಕಾಶವಿದೆ. ಡಿಯೆಗೊ ಗಾರ್ಸಿಯಾಕ್ಕೆ ಮಾತ್ರ ಅದು ಅನ್ವಯಿಸುವುದಿಲ್ಲ.

ಈಗ ಪೈಪೋಟಿಯ ಹೆಸರುಗಳು ಬೇರೆ. ಚೀನಾ 2017ರಲ್ಲಿ ಜಿಬೂಟಿಯಲ್ಲಿ ಸೇನಾನೆಲೆ ತೆರೆಯಿತು. ಅದೇ ವರ್ಷ ಶ್ರೀಲಂಕಾದ ಹಂಬನ್‌ತೋಟ ಬಂದರು 99 ವರ್ಷದ ಗುತ್ತಿಗೆಗೆ ಚೀನಾದ ಕಂಪನಿಗೆ ಹೋಯಿತು. ಮಾರಿಷಸ್ಸಿಗೆ ಸೇರಿದ, ಸುಮಾರು 300 ಜನರಿರುವ ಅಗಲೆಗಾದಲ್ಲಿ ಭಾರತ ಕಟ್ಟಿಸಿದ ರನ್‌ವೇ ಮತ್ತು ಜೆಟ್ಟಿ 2024ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದವು. ಇದು ಸೇನಾನೆಲೆ ಅಲ್ಲ ಎಂದು ಮಾರಿಷಸ್ ಹೇಳಿದೆ. ಆದರೂ ಚಾಗೋಸ್‌ನ ಕಥೆ ಕೇಳಿ ಬೆಳೆದ ಅಲ್ಲಿನ ಜನರಿಗೆ ಅಳುಕು ಇರುವುದು ಸಹಜ.

ಇಷ್ಟು ದೂರದ ದ್ವೀಪದ ವಿಚಾರ ಬರೆಯುವಾಗ ನನಗೆ ನೆನಪಾದದ್ದು ಕಾರವಾರ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆಗಾಗಿ ಕಾರವಾರ–ಅಂಕೋಲಾ ಕರಾವಳಿಯ 13 ಹಳ್ಳಿಗಳ ಸುಮಾರು 4,000 ಕುಟುಂಬಗಳು ಎದ್ದು ಹೋದವು. 2005ರಲ್ಲಿ ಐಎನ್ಎಸ್ ಕದಂಬ ಕಾರ್ಯಾರಂಭ ಮಾಡಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಕಾರವಾರದವರು ಮತದಾರರಾಗಿದ್ದರು; ಅವರಿಗೆ ಭೂಸ್ವಾಧೀನದ ಕಾನೂನಿತ್ತು, ಕೋರ್ಟಿತ್ತು. ಅವರು ಇರಲೇ ಇಲ್ಲ ಎಂದು ಯಾರೂ ಬರೆಯಲಿಲ್ಲ. ಆದರೂ ಪರಿಹಾರಕ್ಕಾಗಿ ದಶಕಗಳ ಕಾಲ ಅಲೆದರು, ಪತ್ರಿಕೆಗಳಲ್ಲಿ ‘ಸೀಬರ್ಡ್ ನಿರಾಶ್ರಿತರು’ ಎಂದೇ ಉಳಿದರು. ದೇಶಕ್ಕೆ ನೌಕಾನೆಲೆ ಬೇಕು, ನಾನು ಒಪ್ಪುತ್ತೇನೆ. ಆದರೆ ಅದರ ಲೆಕ್ಕ ಬರೆಯುವಾಗ ಮೊದಲ ಸಾಲಿನಲ್ಲಿ ಜನರ ಹೆಸರಿರಬೇಕು.

ಬಾರ್ಬರ್ ಅವರಿಗೂ ಮುಪ್ಪಿನಲ್ಲಿ ಹಾಗೆಯೇ ಅನ್ನಿಸಿರಬೇಕು. 1990ರ ದಶಕದ ಆರಂಭದಲ್ಲಿ, ಆ ಜನರನ್ನು ಹಿಂದಕ್ಕೆ ಕಳಿಸಬೇಕೆಂದು ಅವರೇ ಪತ್ರಗಳನ್ನು ಬರೆದರು. ಅಷ್ಟರಲ್ಲಿ ಅನೇಕರು ಪರದೇಶದಲ್ಲೇ ಸತ್ತಿದ್ದರು. ಅವರಲ್ಲಿ ಕೆಲವರು ಯಾಕೆ ಸತ್ತರು ಎಂದು ಕೇಳಿದರೆ ಚಾಗೋಸಿಗರು ತಮ್ಮ ಕ್ರಿಯೋಲ್‌ನಲ್ಲಿ ‘ಸಗ್ರೆನ್’ ಎನ್ನುತ್ತಾರೆ. ಊರು ಬಿಟ್ಟ ಕೊರಗು ಎಂದು ಅನುವಾದಿಸಬಹುದು. ನೆಲೆ ತಪ್ಪಿದ ಸಂಕಟ ಎಂದರೆ ಇನ್ನೂ ಹತ್ತಿರವಾದೀತು.